ಸಂಪಿಗೆ ನಿಲಯದ ಮೂವತ್ತೇಳು ದಿನ

ನೀಲಿಜ್ವರ ಮನುಷ್ಯನ ಮೈ ಬಿಸಿ ಮಾಡುವ ಐದು ದಿನ ಮೊದಲೇ ಅವನು ವಾಸವಿರುವ ಕಟ್ಟಡದ ಕೊಳಚೆ ನೀರಿನಲ್ಲಿ ತನ್ನ ಗುರುತು ಬಿಡುತ್ತದೆ. ಈ ಒಂದು ಸಂಗತಿಯನ್ನು ಹಿಡಿದುಕೊಂಡು ಡಾ. ಇಂದುಮತಿ ಯಡಹಳ್ಳಿ ಆರು ವರ್ಷ ಕೆಲಸ ಮಾಡಿದ್ದಳು. ಘಟಪ್ರಭೆಯ ದಂಡೆಯಲ್ಲಿದ್ದ ಆ ವಿಶ್ವವಿದ್ಯಾಲಯದಲ್ಲಿ ಅವಳು ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿ. ಪ್ರತಿ ವಸತಿನಿಲಯದ ಹಿಂದಿನ ಮೋರಿಯಲ್ಲಿ ಅವಳು ಕೂಡಿಸಿದ ಯಂತ್ರಕ್ಕೆ ಜಲಸಾಕ್ಷಿ ಎಂದು ಹೆಸರು. ಅದು ಆರು ತಾಸಿಗೊಮ್ಮೆ ಒಂದು ಲೋಟದಷ್ಟು ನೀರು ಎಳೆದುಕೊಂಡು, ಅದರಲ್ಲಿ ವೈರಾಣುವಿನ ವಂಶವಾಹಿ ಚೂರುಗಳು ಎಷ್ಟಿವೆ ಎಂದು ಎಣಿಸಿ, ಆ ಸಂಖ್ಯೆಯನ್ನು ನಿಯಂತ್ರಣ ಕೊಠಡಿಯ ಪರದೆಗೆ ಕಳಿಸುತ್ತಿತ್ತು.

ಸಂಖ್ಯೆ ಒಂದು ಗೆರೆ ದಾಟಿದರೆ ಮೂರು ನಿಮಿಷ ಸೈರನ್ ಕೂಗಿ ಆ ಕಟ್ಟಡದ ಬಾಗಿಲು ತಾನಾಗಿಯೇ ಬೀಳುತ್ತಿತ್ತು. ಮತ್ತೆ ತೆರೆಯಬೇಕಾದರೆ ಸಂಖ್ಯೆ ಹದಿನಾಲ್ಕು ದಿನ ಒಂದೇ ಸಮನೆ ಗೆರೆಯ ಕೆಳಗಿರಬೇಕು. ಊಟ ಜೋಡಿಬಾಗಿಲ ಪೆಟ್ಟಿಗೆಯ ಮೂಲಕ ಒಳಗೆ ಹೋಗುತ್ತಿತ್ತು. ಕಾಯಿಲೆ ಬಿದ್ದವರನ್ನು ಮಾತ್ರ ಹಿಂದಿನ ಜೋಡಿಬಾಗಿಲ ಕೋಣೆಯಿಂದ ಆಂಬುಲೆನ್ಸಿಗೆ ಸಾಗಿಸಬಹುದಿತ್ತು. ಆದರೆ ಬಾಗಿಲಿನ ಕೀಲಿ ಯಾವ ಮನುಷ್ಯನ ಕೈಯಲ್ಲೂ ಇರಲಿಲ್ಲ.

ಈ ನಿಯಮವೂ ಇಂದುಮತಿಯದೇ. ಮೊದಲ ಅಲೆಯಲ್ಲಿ ಹುಡುಗರ ನಿಲಯವೊಂದನ್ನು ಮುಚ್ಚಿದಾಗ ದೊಡ್ಡವರೊಬ್ಬರು ಒಳಗಿದ್ದ ತಮ್ಮ ಮಗನಿಗಾಗಿ ಫೋನು ಮಾಡಿ ಎರಡೇ ದಿನಕ್ಕೆ ಬಾಗಿಲು ತೆಗೆಸಿದ್ದರು. ಆ ಹುಡುಗರು ಊರೂರಿಗೆ ಜ್ವರ ಒಯ್ದರು. ಹನ್ನೊಂದು ಹಳ್ಳಿಗಳಲ್ಲಿ ಜನ ಸತ್ತರು. ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು, "ಫೋನ್ ಮಾಡಿದ್ರ ಎತ್ತವರ ಇರಬಾರದ್ರಿ. ಬಾಗಲಾ ಯಂತ್ರನ ಹಾಕ್ಲಿ, ಯಂತ್ರನ ತಗೀಲಿ" ಎಂದಿದ್ದಳು. ಎಲ್ಲರೂ ಒಪ್ಪಿದ್ದರು. ಅದರ ಜೊತೆಗೆ ಇನ್ನೊಂದು ನಿಯಮ ಬಂತು. ಜ್ವರ ಬಂದು ಗುಣವಾದವರು ನಲವತ್ತು ದಿನ ನಿಲಯಕ್ಕೆ ಬರುವಂತಿಲ್ಲ. ಏಕೆಂದರೆ ವೈರಾಣು ಸತ್ತ ಮೇಲೂ ಅದರ ಚೂರುಗಳು ಮೈಯಿಂದ ವಾರಗಟ್ಟಲೆ ಹೊರಗೆ ಹೋಗುತ್ತಿರುತ್ತವೆ. ಅವು ಜೀವಂತ ವೈರಾಣುವಿನವೋ ಸತ್ತದ್ದರವೋ ಎಂದು ಹೇಳುವ ಶಕ್ತಿ ಜಲಸಾಕ್ಷಿಗೆ ಇರಲಿಲ್ಲ.

ಎರಡನೆಯ ಅಲೆಯ ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಸಂಪಿಗೆ ನಿಲಯದಲ್ಲಿ ಸೈರನ್ ಕೂಗಿತು.

ಆ ನಿಲಯದ ಮೇಲ್ವಿಚಾರಕಿ ಸುಮಿತ್ರಾ ಆಗ ಗೇಟಿನ ಹೊರಗೆ ಹಾಲಿನ ಕ್ಯಾನು ಇಳಿಸಿಕೊಳ್ಳುತ್ತಿದ್ದಳು. ಕಾವಲುಗಾರ ಅವಳಿಗೆ ಅಡ್ಡ ನಿಂತು, "ಅಕ್ಕಾರ, ನೀವು ಹೆಂಗೂ ಹೊರಗ ಅದೀರಿ. ಹೊರಗ ಇರ್ರಿ" ಎಂದ. ಅವಳು ಹಾಲಿನ ಕ್ಯಾನುಗಳ ಕಡೆ ನೋಡಿ, ಒಂದನ್ನು ಎತ್ತಿಕೊಂಡು, "ಆ ಇನ್ನೊಂದ ನೀ ಒಳಗ ಇಡಪಾ, ಲಗೂನ" ಎಂದು ಹೇಳಿ ಒಳಗೆ ನಡೆದಳು. ಅವಳ ಹಿಂದೆ ಬಾಗಿಲು ಬಿತ್ತು. ಒಳಗೆ ನೂರಾ ಎಂಬತ್ತನಾಲ್ಕು ಹುಡುಗಿಯರು, ಐದು ಜನ ಅಡುಗೆಯವರು, ಮತ್ತು ಅವಳು.

ಸುಮಿತ್ರಾ ಇಂದುಮತಿಯ ನಾದಿನಿ. ಇಂದುಮತಿಯ ಗಂಡ ಮಹಾಂತೇಶನಿಗೆ ಅವಳೊಬ್ಬಳೇ ತಂಗಿ. ಒಂಬತ್ತನೆಯ ವಯಸ್ಸಿನಲ್ಲಿ ಕ್ಷಯ ಬಂದು ಅವಳ ಎಡಗಡೆಯ ಶ್ವಾಸಕೋಶ ಅರ್ಧ ಹೋಗಿತ್ತು. ಆಗ ಹೈಸ್ಕೂಲಿನಲ್ಲಿದ್ದ ಮಹಾಂತೇಶ ವಾರಕ್ಕೊಮ್ಮೆ ಅವಳನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹದಿನಾಲ್ಕು ಮೈಲಿ ದೂರದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲಿಯೇ ಇದ್ದಳು. ನಿಲಯದ ಕೆಲಸ ಸಿಕ್ಕ ಮೇಲೂ ರವಿವಾರ ತಪ್ಪದೆ ಮನೆಗೆ ಊಟಕ್ಕೆ ಬರುತ್ತಿದ್ದಳು.

ಇಂದುಮತಿ ನಿಯಂತ್ರಣ ಕೊಠಡಿಯಿಂದ ಫೋನು ಮಾಡಿದಳು. "ಹೊರಗ ಇದ್ದಿ ಅಂತಲ್ಲ ಸುಮಿ. ಯಾಕ ಒಳಗ ಹೋದಿ? ನಿನ್ನ ಎದಿ ವಿಚಾರ ನಿನಗ ಗೊತ್ತಿಲ್ಲೇನು?"

"ಮತ್ತ ಈ ಹುಡುಗ್ಯಾರ ಜೋಡಿ ಯಾರ ಇರಬೇಕ ವೈನಿ?" ಎಂದಳು ಸುಮಿತ್ರಾ. "ಈಗಾಗಲೇ ಹತ್ತ ಮಂದಿ ಅಳಾಕತ್ತಾವ. ಅಣ್ಣಗ ಹೇಳ್ರಿ, ನನ್ನ ಎದಿ ಛಲೋ ಐತಿ ಅಂತ."

ಮಹಾಂತೇಶ ವಿಶ್ವವಿದ್ಯಾಲಯದ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದ. ಪ್ರತಿದಿನ ಎಂಟು ಗಂಟೆಗೆ ಎಲ್ಲರ ಫೋನಿಗೆ ಹೋಗುವ 'ಆವರಣ ವಾರ್ತೆ' ಬರೆಯುವವನು ಅವನೇ. ಗ್ರಂಥಾಲಯ ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಪಾಠ ಪರದೆಯ ಮೇಲೆ ನಡೆಯುತ್ತದೆ, ಬಸ್ಸು ಯಾವ ದಾರಿಯಲ್ಲಿ ಬರುವುದಿಲ್ಲ ಎಂಬಂಥ ಸುದ್ದಿಗಳನ್ನು ಎರಡು ವರ್ಷದಿಂದ ಅವನು ಒಂದೇ ಧಾಟಿಯಲ್ಲಿ ಬರೆಯುತ್ತಿದ್ದ. ಅಂದು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಂಡತಿಗೆ ಫೋನಿನಲ್ಲಿ ಓದಿ ಹೇಳಿದ: "ಸಂಪಿಗೆ ನಿಲಯವನ್ನು ಮುನ್ನೆಚ್ಚರಿಕೆಯಾಗಿ ಮುಚ್ಚಲಾಗಿದೆ. ಒಳಗಿರುವ ಎಲ್ಲರೂ ಆರೋಗ್ಯವಾಗಿದ್ದಾರೆ. ಪಾಲಕರು ಗಾಬರಿಪಡುವ ಕಾರಣವಿಲ್ಲ."

"ಹೌದಲ್ಲ?" ಎಂದು ಕೇಳಿದ. "ಕಾರಣ ಇಲ್ಲಲ್ಲ?"

"ಹಂಗ ಬರೀರಿ" ಎಂದಳು ಇಂದುಮತಿ.

ನಾಲ್ಕನೆಯ ದಿನ ಅವಳಿಗೆ ಅನುಮಾನ ಬಂತು. ಒಬ್ಬರಿಂದ ಒಬ್ಬರಿಗೆ ಸೋಂಕು ಹರಡುತ್ತಿದ್ದರೆ ಸಂಖ್ಯೆ ಮೂರನೆಯ ದಿನಕ್ಕೆ ಇಮ್ಮಡಿ, ಐದನೆಯ ದಿನಕ್ಕೆ ನಾಲ್ಕು ಪಟ್ಟು ಆಗಬೇಕು. ಇಲ್ಲಿ ಅದು ಏರಲೇ ಇಲ್ಲ. ಮಂಗಳವಾರ ಗೆರೆ ದಾಟಿದ್ದು ಬುಧವಾರ ಅಲ್ಲೇ ನಿಂತು, ಆಮೇಲೆ ಸ್ವಲ್ಪಸ್ವಲ್ಪವೇ ಇಳಿದು ಗುರುವಾರ ಸಂಜೆಗೆ ಗೆರೆಯ ಕೆಳಗೆ ಬಂದಿತ್ತು. ಪರದೆಯ ಮೇಲಿನ ಆ ಇಳಿಜಾರನ್ನು ನೋಡುತ್ತ ಕೂತವಳು ಸುಮಿತ್ರಾಳಿಗೆ ಫೋನು ಮಾಡಿದಳು.

"ರಜಾದಾಗ ಯಾರಿಗರ ಜ್ವರ ಬಂದು ಹೋಗಿತ್ತೇನು ಕೇಳು. ಮೆತ್ತಗ ಕೇಳು, ಬೈಬ್ಯಾಡ."

ಎರಡು ತಾಸಿನ ಮೇಲೆ ಸುಮಿತ್ರಾ ತಿರುಗಿ ಫೋನು ಮಾಡಿದಳು. "ಒಬ್ಬಾಕಿ ಅದಾಳ ವೈನಿ. ಊರಾಗ ಮೂರ ವಾರದ ಹಿಂದ ಜ್ವರ ಬಂದಿತ್ತಂತ. ನಲವತ್ತ ದಿನ ತಡದ್ರ ಕಡೀ ಪರೀಕ್ಷೆ ತಪ್ಪತೈತಿ ಅಂತ ಯಾರಿಗೂ ಹೇಳದ ರವಿವಾರ ಬಂದ್ಲಂತ. ಕಾಲ ಹಿಡಕೊಂಡ ಅಳಾಕತ್ತಿದ್ಲು. ನಿನ್ನ ಹೆಸರ ನನ್ನ ಬಾಯಿಂದ ಹೊರಗ ಹೋಗಂಗಿಲ್ಲಂತ ಮಾತ ಕೊಟ್ಟೀನಿ. ನಿಮಗ ಅಷ್ಟ ಹೇಳ್ತೀನಿ, ನೀವೂ ಯಾರ ಮುಂದೂ ಅನಬಾರದು."

ಹೆಸರು ಹೇಳಿದಳು. ಇಂದುಮತಿ ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ.

ಒಳಗೆ ಜ್ವರವೇ ಇರಲಿಲ್ಲ. ಸತ್ತ ವೈರಾಣುವಿನ ಚೂರುಗಳನ್ನು ಎಣಿಸಿ ಯಂತ್ರ ಬಾಗಿಲು ಹಾಕಿತ್ತು. ಸುಮ್ಮನೆ ಬಿಟ್ಟಿದ್ದರೆ ಇನ್ನೆರಡು ವಾರದೊಳಗೆ ತಾನಾಗಿಯೇ ತೆರೆಯುತ್ತಿತ್ತು. ಆದರೆ ಆ ಎರಡು ವಾರ ಅವಳಿಗೆ ದೊಡ್ಡದಾಗಿ ಕಂಡಿತು. ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಿತ್ತು. ಕಿಟಕಿ ತೆರೆಯುವಂತಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಸುಮಿತ್ರಾ ನಡುನಡುವೆ ಉಸಿರಿಗಾಗಿ ನಿಲ್ಲುವುದು ಅವಳ ಕಿವಿಗೆ ಬಿದ್ದಿತ್ತು. ಸಂಜೆ ಮನೆಯಲ್ಲಿ ಮಹಾಂತೇಶ, "ಅಕಿ ಧ್ವನಿ ನನಗ್ಯಾಕೋ ಸರಿ ಅನಸಲಿಲ್ಲ. ಏನರ ಮಾಡಾಕ ಬರತೈತೇನ ನೋಡು" ಎಂದ. ಹೆಂಡತಿಯ ಕೆಲಸದ ವಿಷಯದಲ್ಲಿ ಅವನು ಹೀಗೆ ಕೇಳಿದ್ದು ಅದೇ ಮೊದಲು.

ಮರುದಿನ ಅವಳು ಕುಲಪತಿಗಳ ಹತ್ತಿರ ಹೋದಳು. ಅವರು ಶಾಂತವಾಗಿ ಕೇಳಿಸಿಕೊಂಡರು.

"ಕೀಲಿ ನಮ್ಮ ಕೈಯಾಗ ಇರಬಾರದು ಅಂದವರು ನೀವ ಅಲ್ಲೇನ್ರಿ?" ಎಂದರು. "ಈಗ ಬಾಗಲಾ ಒಡದ ತಗೀಬೇಕಂದ್ರ ಜಿಲ್ಲಾಡಳಿತದ ಆದೇಶ ಬೇಕು. ಅವರು ಪುರಾವೆ ಕೇಳ್ತಾರ. ಒಂದ ಹುಡುಗಿ ಹಿಂಗ ಹೇಳಿದ್ಲು ಅಂದ್ರ ನಡಿಯಂಗಿಲ್ಲ. ಆ ಹುಡುಗಿ ಯಾರು?"

"ಹೆಸರ ಬ್ಯಾಡ್ರಿ. ಒಳಗಿನ ಎಲ್ಲಾರದೂ ಗಂಟಲು ದ್ರವ ತಗಸ್ತೀನಿ. ಒಬ್ಬರಿಗೂ ಜಡ್ಡಿಲ್ಲ ಅಂತ ಆದ್ರ ಸಾಕಲ್ರಿ?"

ಅಂದೇ, ಶನಿವಾರ ಮಧ್ಯಾಹ್ನ, ಅವಳ ಪ್ರಯೋಗಾಲಯದ ಇಬ್ಬರು ತಂತ್ರಜ್ಞರು ಮೈತುಂಬ ಕವಚ ತೊಟ್ಟು ಹಿಂದಿನ ಕೋಣೆಯಿಂದ ಒಳಗೆ ಹೋದರು. ಊಟದ ಮನೆಯಲ್ಲಿ ಮೂರು ತಾಸು ಕೂತು ನೂರಾ ತೊಂಬತ್ತು ಜನರ ಮಾದರಿ ತೆಗೆದುಕೊಂಡರು. ಸೋಮವಾರ ಫಲಿತಾಂಶ ಬಂತು. ಒಬ್ಬರಿಗೂ ಸೋಂಕಿಲ್ಲ. ಆದೇಶ ಬುಧವಾರ ಕೈಸೇರುತ್ತದೆ ಎಂದು ಕಚೇರಿಯಿಂದ ತಿಳಿಸಿದರು. ಮಹಾಂತೇಶ ವಾರ್ತೆಯನ್ನು ಮುಂಚೆಯೇ ಬರೆದಿಟ್ಟ. ಬುಧವಾರ ಬೆಳಿಗ್ಗೆ ತಂಗಿಯನ್ನು ಕರೆತರಲು ಯಾರದೋ ಕಾರು ಕೇಳಿಟ್ಟ.

ಸೋಮವಾರ ಸಂಜೆಯೇ ಆ ಇಬ್ಬರು ತಂತ್ರಜ್ಞರಲ್ಲಿ ಒಬ್ಬನಿಗೆ ಮೈ ಬಿಸಿಯಾಯಿತು. ಮಂಗಳವಾರ ಬೆಳಿಗ್ಗೆ ಅವನ ತುಟಿ, ಉಗುರು ನೀಲಿಗಟ್ಟಿದವು. ಅದೇ ದಿನ ಮಧ್ಯಾಹ್ನದ ಎಣಿಕೆಯಲ್ಲಿ ಸಂಪಿಗೆ ನಿಲಯದ ಸಂಖ್ಯೆ ಗೆರೆ ದಾಟಿತು. ಸಂಜೆಗೆ ಇಮ್ಮಡಿಯಾಯಿತು.

ಈ ಸಲ ಅದು ಇಳಿಯಲಿಲ್ಲ. ಇಂದುಮತಿ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋಗಿ ನಿಂತಳು. ಏರುತ್ತಿರುವ ಗೆರೆ ಹೇಗಿರಬೇಕೆಂದು ಅವಳು ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದಳು. ಇದು ಹಾಗೆಯೇ ಇತ್ತು. ಈಗ ಬಾಗಿಲು ತೆಗೆಯಿರಿ ಎಂದು ಅವಳು ಯಾರನ್ನೂ ಕೇಳುವಂತಿರಲಿಲ್ಲ.

ಜ್ವರದ ಹಾಸಿಗೆಯಿಂದ ಆ ತಂತ್ರಜ್ಞ ಅವಳಿಗೆ ಫೋನು ಮಾಡಿದ. "ಮೇಡಂ, ಕವಚದಾಗ ಕುದ್ದ ಹೋಗಿದ್ದೆ. ಕಣ್ಣಿಗೆ ಕತ್ತಲಿ ಬಂತು. ಅಕ್ಕಾರ ಮಜ್ಜಿಗಿ ತಂದ್ರು. ಮಾಸ್ಕ ತಗದ ಕುಡದೆ. ಒಂದ ನಿಮಿಷ, ಅಷ್ಟರಿ." ಅವನು ಅಳುತ್ತಿದ್ದ. "ನನಗ ಜಡ್ಡ ಇತ್ತಂತ ಗೊತ್ತಿರಲಿಲ್ರಿ."

"ಗೊತ್ತಿದ್ದಿದ್ರ ನೀ ಹೋಗ್ತಿರಲಿಲ್ಲ" ಎಂದಳು ಇಂದುಮತಿ. "ಮಲಕೋ."

ಹದಿನಾಲ್ಕನೆಯ ದಿನದ ಹೊತ್ತಿಗೆ ಒಂಬತ್ತು ಹುಡುಗಿಯರಿಗೆ ಜ್ವರ ಬಂದಿತ್ತು. ಇಪ್ಪತ್ತನೆಯ ದಿನಕ್ಕೆ ನಲವತ್ತೊಂದು. ಅವರನ್ನೆಲ್ಲ ಒಬ್ಬೊಬ್ಬರಾಗಿ ಆರೋಗ್ಯ ಕೇಂದ್ರದ ವಾರ್ಡಿಗೆ ಸಾಗಿಸಿದರು. ಜ್ವರ ಬಂದು ಸುಮಿತ್ರಾ ವಾರ್ಡಿಗೆ ಹೋಗಿದ್ದು ಹದಿನಾಲ್ಕನೆಯ ದಿನವೇ. ಆದರೂ ವಾರ್ಡಿನಿಂದ ಫೋನು ಮಾಡಿ ಉಗ್ರಾಣದ ಬೇಳೆ ಯಾವ ಡಬ್ಬಿಯಲ್ಲಿದೆ, ಮೇಲಿನ ಮಹಡಿಯ ಹುಡುಗಿಯರಲ್ಲಿ ಯಾರು ಒಬ್ಬರೇ ಮಲಗಲು ಹೆದರುತ್ತಾರೆ ಎಂದು ಅಡುಗೆಯವರಿಗೆ ಹೇಳುತ್ತಿದ್ದಳು. ಹದಿನೆಂಟನೆಯ ದಿನದಿಂದ ಫೋನು ಬರಲಿಲ್ಲ. ಮಹಾಂತೇಶ ವಾರ್ಡಿನ ಗಾಜಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಅಲ್ಲಿಂದಲೇ ವಾರ್ತೆ ಬರೆದ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಸುಮಿತ್ರಾ ತೀರಿಕೊಂಡಳು. ಅವಳಿಗೆ ನಲವತ್ತೊಂದು ವರ್ಷ. ಅದೇ ವಾರ ಅಡುಗೆಯ ಶಾಂತವ್ವನೂ, ಭೂಗೋಳ ಓದುತ್ತಿದ್ದ ಎರಡನೆಯ ವರ್ಷದ ಒಬ್ಬ ಹುಡುಗಿಯೂ ಹೋದರು.

ಮರುದಿನದ ವಾರ್ತೆ ಎಂದಿನಂತೆ ಎಂಟು ಗಂಟೆಗೆ ಬಂತು. ಅದರಲ್ಲಿ ತಂಗಿಯ ಹೆಸರಿನ ಮುಂದೆ ಅವನು ಹುದ್ದೆಯನ್ನು ಮಾತ್ರ ಬರೆದಿದ್ದ.

ಮೂವತ್ತೇಳನೆಯ ದಿನ ಬಾಗಿಲು ತಾನಾಗಿಯೇ ತೆರೆಯಿತು. ಹುಡುಗಿಯರು ಹೊರಗೆ ಬಂದು ಬಿಸಿಲಿನಲ್ಲಿ ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಾಲಕರ ವಾಹನಗಳ ಕಡೆ ನಡೆದರು.

ಅದರ ಮರುವಾರ ಕುಲಪತಿಗಳು ಇಂದುಮತಿಯನ್ನು ಕರೆಸಿದರು. ಅವರ ಮೇಜಿನ ಮೇಲೆ ಜಲಸಾಕ್ಷಿಯ ನಕ್ಷೆ ಇತ್ತು. ಮೊದಲ ಮಂಗಳವಾರ ಗೆರೆ ದಾಟಿದ್ದು, ಎರಡನೆಯ ವಾರದಲ್ಲಿ ಜ್ವರ ಕಾಣಿಸಿದ್ದು, ಬೇರೆ ಯಾವ ನಿಲಯಕ್ಕೂ ಹರಡದೆ ಇದ್ದದ್ದು. ಗೊತ್ತಿಲ್ಲದವರು ನೋಡಿದರೆ ಯಂತ್ರ ಮುಂಚೆಯೇ ಎಚ್ಚರಿಸಿತು, ಬಾಗಿಲು ಹಾಕಿ ಊರು ಉಳಿಸಿತು ಎನ್ನುವಂತಿತ್ತು.

"ನಿಮ್ಮ ಮನ್ಯಾಗ ಆದದ್ದು ನನಗ ಗೊತ್ತೈತಿ" ಎಂದರು ಅವರು. "ಆದ್ರ ಈ ಕೆಲಸ ದೊಡ್ಡದು. ಎಲ್ಲಾ ವಿಶ್ವವಿದ್ಯಾಲಯಕ್ಕೂ ಇದನ್ನ ಕೂಡಸ್ತಾರಂತ. ಇದ ನಿಯಮ, ಇದ ಯಂತ್ರ. ನಿಮ್ಮ ಯಜಮಾನರಿಗೆ ಹೇಳ್ರಿ, ವಾರ್ತೆಯೊಳಗ ಒಂದ ಛಲೋ ಲೇಖನ ಬರ್ಲಿ."

ಅವಳು ಅಲ್ಲಿಂದ ನೇರವಾಗಿ ಪ್ರಯೋಗಾಲಯಕ್ಕೆ ಹೋದಳು. ಮೊದಲ ಮಂಗಳವಾರದ ಮಾದರಿ ಇನ್ನೂ ಶೀತಪೆಟ್ಟಿಗೆಯಲ್ಲಿತ್ತು. ಎರಡು ದಿನ ಯಾರನ್ನೂ ಒಳಗೆ ಬಿಡದೆ, ಅದರಲ್ಲಿದ್ದ ಚೂರುಗಳನ್ನೂ ಕಾಯಿಲೆ ಬಿದ್ದವರ ಮೈಯಲ್ಲಿ ಸಿಕ್ಕ ವೈರಾಣುವನ್ನೂ ಪಕ್ಕಪಕ್ಕ ಇಟ್ಟು ಓದಿದಳು. ಮಂಗಳವಾರದ ಚೂರುಗಳು ತೀರ ಸಣ್ಣವು, ಎಲ್ಲವೂ ಮುರಿದವು. ವೈರಾಣುವಿನ ಬೇರೆಯೇ ಕವಲಿನವು. ನಲವತ್ತೊಂದು ಹುಡುಗಿಯರ, ಶಾಂತವ್ವನ, ಸುಮಿತ್ರಾಳ ವೈರಾಣು ಆ ತಂತ್ರಜ್ಞನದರ ಜೊತೆ ಅಕ್ಷರ ಅಕ್ಷರವೂ ಹೊಂದುತ್ತಿತ್ತು. ಅವಳಿಗೆ ಗೊತ್ತಿದ್ದದ್ದೇ ಅದು. ಈಗ ಕಾಗದದ ಮೇಲೆ ಬಂದಿತ್ತು.

ಸಂಜೆ ಮನೆಗೆ ಬಂದಾಗ ಮಹಾಂತೇಶ ಮುಂದಿನ ಕೋಣೆಯಲ್ಲಿ ಕೂತಿದ್ದ. ಅವಳು ಚಪ್ಪಲಿ ಬಿಟ್ಟವಳೇ ಅವನೆದುರು ಕೂತು ಎಲ್ಲವನ್ನೂ ಹೇಳಿದಳು.

"ಅಂದ್ರ ಬಾಗಲಾ ಹಾಕೋ ಕಾರಣ ಇರಲಿಲ್ಲ" ಎಂದ ಕಡೆಗೆ.

"ಇರಲಿಲ್ಲ."

"ಜಡ್ಡ ಒಳಗ ಹೋದದ್ದು?"

"ನಾ ಕಳಿಸಿದ ಮಂದಿಯಿಂದ. ಸುಮ್ಮನ ಬಿಟ್ಟಿದ್ರ ಎಲ್ಲಾರೂ ನಡಕೋತ ಹೊರಗ ಬರ್ತಿದ್ರು. ಅಕಿನ್ನ ಲಗೂ ಹೊರಗ ತರಬೇಕಂತ ಅವಸರಾ ಮಾಡಿದೆ."

ಅವನು ತನ್ನ ಕೈಗಳನ್ನು ನೋಡಿಕೊಂಡ. "ಏನರ ಮಾಡಂತ ಹೇಳಿದಾಂವ ನಾ."

"ನೀವು ಹೇಳದಿದ್ರೂ ಮಾಡ್ತಿದ್ದೆ."

"ಆ ಹುಡುಗಿ ಯಾರು?"

"ಹೇಳಂಗಿಲ್ಲ. ಸುಮಿ ಮಾತ ಕೊಟ್ಟಾಳ."

ಅವನು ಎದ್ದು ಲ್ಯಾಪ್‌ಟಾಪ್ ತಂದ. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಮರುದಿನ ಎಂಟು ಗಂಟೆಯ ವಾರ್ತೆಯಲ್ಲಿ ಗ್ರಂಥಾಲಯದ ಸಮಯದ ಕೆಳಗೆ ಹೀಗಿತ್ತು: "ಸಂಪಿಗೆ ನಿಲಯವನ್ನು ಮುಚ್ಚಿದ ದಿನ ಅಲ್ಲಿ ಯಾರಿಗೂ ಸೋಂಕು ಇರಲಿಲ್ಲ. ಮೊದಲೇ ಗುಣವಾಗಿದ್ದ ಒಬ್ಬ ವಿದ್ಯಾರ್ಥಿನಿಯ ಮೈಯಿಂದ ಬಂದ ಸತ್ತ ಚೂರುಗಳನ್ನು ಯಂತ್ರ ಎಣಿಸಿತು. ಗುಣವಾದವರನ್ನು ನಲವತ್ತು ದಿನ ಹೊರಗಿಡುವ ನಿಯಮ ಇಲ್ಲದಿದ್ದರೆ ಆಕೆ ಅದನ್ನು ಮುಚ್ಚಿಡುತ್ತಿರಲಿಲ್ಲ. ಸೋಂಕು ಆಮೇಲೆ, ಪರೀಕ್ಷೆಗೆಂದು ನಾನು ಕಳಿಸಿದವರ ಮೂಲಕ ಒಳಗೆ ಹೋಯಿತು. ಮನುಷ್ಯರು ವಿಚಾರಿಸಿ ತೀರ್ಮಾನಿಸುವ ದಾರಿಯನ್ನು ಮುಚ್ಚಿದವಳು ನಾನು. ಮೂವರು ತೀರಿಕೊಂಡಿದ್ದಾರೆ. — ಇಂದುಮತಿ ಯಡಹಳ್ಳಿ." ಇದಕ್ಕೆ ಅವನು ಯಾರ ಅನುಮತಿಯನ್ನೂ ಕೇಳಿರಲಿಲ್ಲ.

ಹತ್ತು ಗಂಟೆಯೊಳಗೆ ಆ ಸುದ್ದಿ ಜಿಲ್ಲೆಯ ತುಂಬ ಹರಡಿತು. ಮಧ್ಯಾಹ್ನಕ್ಕೆ ಮಹಾಂತೇಶನನ್ನು ವಾರ್ತೆಯಿಂದ ತೆಗೆದು ಉಗ್ರಾಣ ವಿಭಾಗಕ್ಕೆ ಹಾಕಿದರು. ಇಂದುಮತಿಯನ್ನು ಜಲಸಾಕ್ಷಿಯ ಕೆಲಸದಿಂದ ದೂರವಿಟ್ಟು ವಿಚಾರಣೆ ನಡೆಸಿದರು. ಆ ವಿಶ್ವವಿದ್ಯಾಲಯದಲ್ಲಿ ನಿಯಮ ಬದಲಾಯಿತು. ಯಂತ್ರ ಕೂಗಿದ ಮೇಲೆ ಹನ್ನೆರಡು ತಾಸಿನೊಳಗೆ ಮೂವರ ಸಮಿತಿ ಕೂತು ತೀರ್ಮಾನಿಸಬೇಕು, ಗುಣವಾದವರು ಹೆದರದೆ ಹೇಳಿಕೊಳ್ಳಬಹುದು ಎಂದಾಯಿತು. ಬೇರೆ ಎರಡು ಕಡೆ ಯಂತ್ರಗಳು ಹಳೆಯ ನಿಯಮದಲ್ಲೇ ಕೂತವು. ಇಂದುಮತಿ ಅವರಿಗೆ ನಾಲ್ಕು ಪತ್ರ ಬರೆದಳು. ಉತ್ತರ ಬರಲಿಲ್ಲ.

ಮನೆಯಲ್ಲಿ ಮಾತು ನಿಂತುಹೋಗಿತ್ತು. ಮಹಾಂತೇಶ ಜಗಳವಾಡಲಿಲ್ಲ, ಬಿರುಸಾಗಿ ಒಂದು ಮಾತನ್ನೂ ಆಡಲಿಲ್ಲ. ಬಡಿಸಿದ್ದನ್ನು ಉಂಡು, ತಾಟು ತೊಳೆದಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದ. ಏನಾದರೂ ಬೇಕಾದರೆ ತಾನೇ ತೆಗೆದುಕೊಳ್ಳುತ್ತಿದ್ದ. ಹೆಂಡತಿಯ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದ. ರವಿವಾರ ಮಧ್ಯಾಹ್ನಗಳಲ್ಲಿ ಇಬ್ಬರೂ ಬೇರೆಬೇರೆ ಹೊತ್ತಿಗೆ ಉಣ್ಣುತ್ತಿದ್ದರು. ಇಂದುಮತಿ ಅವನನ್ನು ಮಾತಾಡಿಸಲು ಹೋಗಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಹುಡುಗಿ ಬಂದು ಬಾಗಿಲ ಹೊರಗೆ ನಿಂತಳು. ತೆಳ್ಳಗಿನ ಹುಡುಗಿ, ಹೆಗಲಿಗೆ ಬಟ್ಟೆಯ ಚೀಲ. ಮಹಾಂತೇಶ ಬಾಗಿಲು ತೆಗೆದ. ಇಂದುಮತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಆ ಮುಖವನ್ನು ಅವಳು ಮೊದಲೆಂದೂ ನೋಡಿರಲಿಲ್ಲ.

"ನಾನು ಶ್ರೀದೇವಿ ತಳವಾರ್ರಿ ಸರ್. ಸಂಪಿಗೆ ನಿಲಯದಾಗ ಇದ್ದೆ." ಹುಡುಗಿ ಚೀಲವನ್ನು ಹೆಗಲಿನಿಂದ ಇಳಿಸಿದಳು. "ವಾರ್ತೆಯೊಳಗ 'ಒಬ್ಬ ವಿದ್ಯಾರ್ಥಿನಿ' ಅಂತ ಬರದಿದ್ರಲ್ರಿ. ಅದು ನಾನ."

ಸುಮಿತ್ರಾ ಫೋನಿನಲ್ಲಿ ಹೇಳಿದ್ದ ಹೆಸರು ಅದೇ.

ಮಹಾಂತೇಶ ಪಕ್ಕಕ್ಕೆ ಸರಿದು, "ಒಳಗ ಬಾ" ಎಂದ. ಅವಳು ಒಳಗೆ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಅವನೂ ಎದುರಿಗೆ ನೆಲದ ಮೇಲೆಯೇ ಕೂತ.

"ನಿನಗ ಯಾರರ ಬರಾಕ ಹೇಳಿದ್ರೇನು?"

"ಇಲ್ರಿ. ದಿನಾ ಬರಬೇಕನ್ನೂದು, ದಿನಾ ಅಂಜಿಕಿ. ಮುಂದ ಹಾಕಿದ್ದ ಪರೀಕ್ಷೆದ ಫಲಿತಾಂಶ ನಿನ್ನೆ ಬಂತ್ರಿ. ಪಾಸಾಗೀನಿ." ಅದನ್ನು ಹೇಳಿದ್ದೇ ಅವಳು ತಲೆ ತಗ್ಗಿಸಿ ಅಳತೊಡಗಿದಳು.

ಅವನು ಅಳು ನಿಲ್ಲುವ ತನಕ ಕಾದ. "ನೀ ಹೇಳಿದಾಗ ಅಕಿ ನಿನಗ ಏನಂದ್ಲು?" ಎಂದು ಕೇಳಿದ.

"ಬೈತಾರಂತ ಮಾಡಿದ್ದೆ. ಬೈಲಿಲ್ಲ. ಜ್ವರ ಇದ್ದಾಗ ಊರಾಗ ಯಾರ ನೋಡಿಕೊಂಡ್ರು ಅಂತ ಕೇಳಿದ್ರು. ಒಬ್ಬಾಕಿನ ಇದ್ದೆ ಅಂದೆ. ಅವ್ವಗ ಅಂಟತೈತಂತ ದನದ ಕೊಟ್ಟಗಿಯೊಳಗ ಮಲಗಿದ್ದೆರಿ. ಅದಕ ಅಕ್ಕಾರು ನನ್ನ ತಲಿ ಸವರಿ, ಸಣ್ಣಾಕಿದ್ದಾಗ ನನಗೂ ಹಿಂಗ ಜಡ್ಡಾಗಿತ್ತು, ನನ್ನ ಕೂಡ ನಮ್ಮಣ್ಣ ಇದ್ದ ಅಂದ್ರು. ಸೈಕಲ್ ಮ್ಯಾಲ ಕರಕೊಂಡ ಹೋಗ್ತಿದ್ದ, ಏರಿನ್ಯಾಗ ಇಳಸ್ತಿರಲಿಲ್ಲ, ತಾನ ಇಳದ ದಬ್ಬಿಕೋತ ಹೋಗ್ತಿದ್ದ ಅಂದ್ರು."

ಮಹಾಂತೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ತಂಗಿ ಸತ್ತ ದಿನದಿಂದ ಅವನು ಅತ್ತದ್ದನ್ನು ಇಂದುಮತಿ ನೋಡಿರಲಿಲ್ಲ. ಈಗ ಅವನ ಹೆಗಲು ಅಲುಗುತ್ತಿದ್ದವು. ಹುಡುಗಿ ಗಾಬರಿಯಾಗಿ ಅಡುಗೆಮನೆಯ ಕಡೆ ನೋಡಿದಳು. ಇಂದುಮತಿ ಬಾಗಿಲಲ್ಲಿ ನಿಂತಿದ್ದಳು. ಮುಂದೆ ಬರುವ ಧೈರ್ಯ ಅವಳಿಗೆ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

"ಎಷ್ಟರ ಬಸ್ಸಿಗೆ ಬಂದಿ?"

"ಆರರ ಬಸ್ಸಿಗ್ರಿ."

"ಏನರ ತಿಂದ ಬಂದೀಯೇನು?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

ಅವನು ಅಡುಗೆಮನೆಯ ಕಡೆ ತಿರುಗಿದ. "ಇಂದೂ" ಎಂದು ಕರೆದ. "ಹುಡುಗಿ ಮುಂಜಾನೆಯಿಂದ ಉಪವಾಸ ಐತಿ. ರೊಟ್ಟಿ ಬಡಿ. ಮೂವರೂ ಕೂಡೇ ಉಣ್ಣೂಣು."

ಇಂದುಮತಿ ಒಳಗೆ ಹೋಗಿ ಡಬ್ಬಿಯಿಂದ ಜೋಳದ ಹಿಟ್ಟು ತೆಗೆದಳು. ಮೂವರಿಗಾಗುವಷ್ಟನ್ನು ಹಿಟ್ಟು ನಾದುವ ಪರಾತಕ್ಕೆ ಹಾಕಿಕೊಂಡು, ನೀರು ಕಾಯಲು ಇಟ್ಟಳು.